ಜನಕ್ಕೆ ಬುದ್ಧಿ ಇಲ್ಲ ಅನ್ನೋ ಬುದ್ಧಿವಂತರಿಗೆ

ನಿನ್ನೆ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಹೋಟೆಲಲ್ಲಿ ತಿಂಡಿ ತಿನ್ನುತ್ತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರಿನವರು, ಮುಳ್ಳಯ್ಯನಗಿರಿಗೆ ಹೊರಟವರು. ಮಾತು ಹೇಗೋ ಚುನಾವಣೆಗೆ ಬಂತು. ಅದರಲ್ಲಿ ಒಬ್ಬರು ಇಡ್ಲಿ ಅದ್ದುತ್ತಾ, "ಈ ಹಳ್ಳಿ ಜನ ಐನೂರು ರೂಪಾಯಿಗೆ ವೋಟು ಮಾರ್ಕೋತಾರೆ, ಇವರಿಗೆಲ್ಲ ವೋಟೇ ಕೊಡಬಾರದಿತ್ತು" ಅಂದರು. ಚಟ್ನಿ ಹಾಕಲು ಬಂದ ಹುಡುಗ ಅಲ್ಲೇ ನಿಂತಿದ್ದ. ಅವನೂ ಹಳ್ಳಿಯವನೇ.

ಮೈ ಉರಿಯಿತು. ಅಲ್ಲಿ ಜಗಳ ಬೇಡ ಅಂತ ಸುಮ್ಮನೆ ಬಂದು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೇಷ್ಟ್ರಾಗಿದ್ದಷ್ಟೂ ಕಾಲ ಬೂತ್ ಡ್ಯೂಟಿ ತಪ್ಪಿಸಿಕೊಂಡವನಲ್ಲ, ನಿಮಗೆಲ್ಲ ಗೊತ್ತು. ಬೂತಿನ ಸಾಮಾನು ಹಂಚುವ ಮಸ್ಟರಿಂಗ್ ಸೆಂಟರಿನ ಬಿಸಿಲಲ್ಲಿ ಅದನ್ನೆಲ್ಲ ಎಣಿಸಿಕೊಂಡು, ರಾತ್ರಿ ಯಾವುದೋ ಶಾಲೆಯ ಬೆಂಚಿನ ಮೇಲೆ ಸೊಳ್ಳೆ ಕಚ್ಚಿಸಿಕೊಂಡು ಮಲಗಿ, ಕತ್ತಲಲ್ಲೇ ಎದ್ದು ಮಷಿನ್ ಸರಿ ಇದೆ ಅಂತ ತೋರಿಸಲು ಪಾರ್ಟಿ ಏಜೆಂಟರ ಮುಂದೆ ಅಣಕು ಮತದಾನ ಮುಗಿಸಿ, ಏಳಕ್ಕೆ ಬಾಗಿಲು ತೆಗೆದರೆ ಸಾಲಲ್ಲಿ ಮೊದಲು ಯಾರು? ಎಸ್ಟೇಟ್ ಲೈನಿನ ಕೂಲಿ ಹೆಂಗಸರು. 2024ರಲ್ಲಿ ಒಬ್ಬ ಅಜ್ಜಿ ವೋಟು ಹಾಕಲು ಬಂದವರ 17ಎ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಬೆರಳಿಗೆ ಇಂಕು ಹಾಕಿಸಿಕೊಂಡು ಒಳಗೆ ಹೋದರು. ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. "ಅಜ್ಜಿ, ಆಯ್ತಾ?" ಅಂದೆ. "ಇರಪ್ಪ, ನನ್ನ ಚೀಟಿ ಬೀಳ್ಲಿ" ಅಂದರು. ವೋಟು ಯಾರಿಗೆ ಬಿತ್ತು ಅಂತ ತೋರಿಸುವ ವಿವಿಪ್ಯಾಟ್ ಮಷಿನ್ನಿನಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತಲ್ಲ, ಅದು ಬೀಳುವ ತನಕ ನೋಡಿಯೇ ಬಂದರು. ಇವರಿಗೆ ವೋಟು ಕೊಡಬಾರದಿತ್ತಂತೆ!

ಎಲ್ಲ ದೇಶದಲ್ಲೂ ಇದೇ ಹಾಡು. ಫಲಿತಾಂಶ ತಮಗೆ ಬೇಕಾದ ಹಾಗೆ ಬಂದರೆ ಪ್ರಬುದ್ಧ ಮತದಾರ, ಬರದಿದ್ದರೆ ಕುರಿ. ನಮ್ಮಲ್ಲಿ 2024ರಲ್ಲಿ ಮೈತ್ರಿಕೂಟ ಸೇರಿ 400 ದಾಟುತ್ತೇವೆ ಅಂದ ಬಿಜೆಪಿಗೆ ಜನ 240 ಕೊಟ್ಟರು. ಜನವರಿಯಲ್ಲಿ ಅಯೋಧ್ಯೆಯಲ್ಲಿ ಮಂದಿರ ಉದ್ಘಾಟನೆ, ಜೂನ್‌ನಲ್ಲಿ ಅದೇ ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಆಳುವ ಪಕ್ಷಕ್ಕೆ ಸೋಲು. ಎಕ್ಸಿಟ್ ಪೋಲ್ ಮಾಡಿದವರೊಬ್ಬರು ಟಿವಿಯಲ್ಲೇ ಕಣ್ಣೀರು ಹಾಕಿದರು. ಹಾಗಂತ ಕಾಂಗ್ರೆಸ್‌ನವರು ಹಿಗ್ಗುವುದೂ ಬೇಡ. 2023ರ ಮೇ ತಿಂಗಳಲ್ಲಿ 135 ಸೀಟು ಕೊಟ್ಟ ಇದೇ ಕರ್ನಾಟಕ, ಮುಂದಿನ ವರ್ಷ ಲೋಕಸಭೆಗೆ 28ರಲ್ಲಿ ಕೊಟ್ಟಿದ್ದು ಒಂಬತ್ತೇ. ಅದೇ ಜನ, ಅದೇ ಬೂತು, ಲೆಕ್ಕ ಮಾತ್ರ ಬೇರೆ. ಪಕ್ಕದ ಹಾಸನವನ್ನೇ ನೋಡಿ, ಜೆಡಿಎಸ್ ಭದ್ರಕೋಟೆ ಅಂದುಕೊಂಡಿದ್ದನ್ನು 25 ವರ್ಷದ ಮೇಲೆ ಕಾಂಗ್ರೆಸ್ ಗೆದ್ದಿತು.

ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅವರ ಪಕ್ಷ 1994ರಿಂದ ಬಹುಮತ ಬಿಟ್ಟುಕೊಟ್ಟಿರಲಿಲ್ಲ. 2024ರಲ್ಲಿ ಶೇ. 40ಕ್ಕೆ ಇಳಿಸಿದರು. ದಿನಕ್ಕೆ ಗಂಟೆಗಟ್ಟಲೆ ಕರೆಂಟು ತೆಗೆದರೆ, ಹುಡುಗರಿಗೆ ಕೆಲಸ ಇಲ್ಲದಿದ್ದರೆ, ಹೋರಾಟದ ಇತಿಹಾಸ ಎಷ್ಟು ದಿನ ಹೊಟ್ಟೆ ತುಂಬಿಸುತ್ತದೆ? ಶ್ರೀಲಂಕಾದಲ್ಲಿ 2019ರಲ್ಲಿ ಶೇ. 3ರಷ್ಟು ವೋಟು ಪಡೆದಿದ್ದ ದಿಸ್ಸಾನಾಯಕೆ 2024ರಲ್ಲಿ ಶೇ. 42 ಪಡೆದು ಅಧ್ಯಕ್ಷರಾದರು. ಇದೆಲ್ಲ ಬುದ್ಧಿ ಇಲ್ಲದವರು ಮಾಡಿದ ಕೆಲಸವಾ?

"ಹಾಗಾದರೆ ದುಡ್ಡು ಹಂಚಲ್ವಾ ಮೇಷ್ಟ್ರೇ?" ಅಂತ ಕೇಳುತ್ತೀರಿ. ಹಂಚುತ್ತಾರೆ, ಜೋರಾಗಿಯೇ ಹಂಚುತ್ತಾರೆ. 2024ರ ಚುನಾವಣೆ ಮುಗಿಯುವ ಮೊದಲೇ ಆಯೋಗ ಹಿಡಿದ ನಗದು, ಹೆಂಡ, ಡ್ರಗ್ಸ್ ಎಲ್ಲ ಸೇರಿ 8,800 ಕೋಟಿ ದಾಟಿತ್ತು. ಇಂಡೋನೇಷ್ಯಾದಲ್ಲೂ ಮತದಾನದ ದಿನ ಬೆಳಗಿನ ಜಾವ ಮನೆಮನೆಗೆ ದುಡ್ಡಿನ ಕವರ್ ತಲುಪಿಸುವ ಚಾಳಿ ಇದೆ. ಆದರೆ ಸ್ವಾಮಿ, ಎಲ್ಲ ಪಾರ್ಟಿಯವರ ಹತ್ತಿರವೂ ಇಸ್ಕೊಂಡ ಮೇಲೆ ವೋಟು ಯಾರಿಗೆ ಮಾರಿದ ಹಾಗಾಯಿತು? ಕೊಟ್ಟವನ ಬಗ್ಗೆ ಒಂದು ಮಾತಿಲ್ಲ, ಕೂಲಿ ಬಿಟ್ಟು ಸಾಲಲ್ಲಿ ನಿಂತವಳ ಮೇಲೆ ಮಾತ್ರ ನಿಮ್ಮ ಸಿಟ್ಟು.

ಇಂಡೋನೇಷ್ಯಾ ಕಥೆ ಇನ್ನೂ ಇದೆ. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತ ಪ್ರಬೋವೊ ಟಿಕ್‌ಟಾಕಿನಲ್ಲಿ ಕುಣಿದರು, ಹುಡುಗರು ಮರುಳಾಗಿ ವೋಟು ಹಾಕಿದರು ಅಂತ ಸುಮಾರು ಜನ ಬರೆದರು. ಅದಕ್ಕೂ ಮೊದಲು ಏನಾಗಿತ್ತು? ಆಗಿನ ಅಧ್ಯಕ್ಷ ಜೋಕೋವಿ ಅವರ ಮಗ ಗಿಬ್ರಾನ್‌ಗೆ 36 ವರ್ಷ. ಪ್ರಬೋವೊ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಿತ್ತು, ಅದಕ್ಕೆ 40 ಆಗಿರಬೇಕು. ಮೇಯರ್ ಆಗಿದ್ದವರಿಗೆ ಆ ನಿಯಮ ಬೇಡ ಅಂತ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಹೇಳಿಬಿಟ್ಟಿತು. ಮುಖ್ಯ ನ್ಯಾಯಾಧೀಶರು ಯಾರು ಅಂದರೆ ಜೋಕೋವಿ ಅವರ ತಂಗಿಯ ಗಂಡ! ಇದನ್ನು ಮಾಡಿದ್ದು ಹೆಬ್ಬೆಟ್ಟಿನವರಲ್ಲ. ಬಾಂಗ್ಲಾದೇಶದಲ್ಲಿ 2024ರ ಜನವರಿಯಲ್ಲಿ ಮುಖ್ಯ ವಿರೋಧ ಪಕ್ಷವೇ ಇಲ್ಲದೆ ಚುನಾವಣೆ ನಡೆಸಿದ್ದೂ ಹೆಬ್ಬೆಟ್ಟಿನವರಲ್ಲ. ಕೆಳಗಿನವರು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಾರೆ. ಕೆಡಿಸುವುದೆಲ್ಲ ಮೇಲೆ ಕೂತ ಓದಿದವರು.

ಓದಿದವರ ಲೆಕ್ಕ ಬೇಕಾ? 2024ರ ಏಪ್ರಿಲ್ 26, ಶುಕ್ರವಾರ. ಹಾಸನದಲ್ಲೂ ನಮ್ಮ ಉಡುಪಿ-ಚಿಕ್ಕಮಗಳೂರಿನಲ್ಲೂ ಶೇ. 77ರ ಮೇಲೆ ಮತದಾನ. ಬೆಂಗಳೂರು ದಕ್ಷಿಣದಲ್ಲಿ ಶೇ. 53. ಉಳಿದವರೆಲ್ಲ ಎಲ್ಲಿದ್ದರೋ! ನಮ್ಮ ಕಡೆ ಹೋಂಸ್ಟೇಗಳಂತೂ ತುಂಬಿದ್ದವು.

ಬೇರೆಯವರ ಮನೆ ದೋಸೆ ಯಾಕೆ, ನಮ್ಮ ಮನೆಯದ್ದೇ ತೂತು. ನನ್ನ ಮಗನ ವೋಟು ಇರುವುದು ಬೆಂಗಳೂರು ದಕ್ಷಿಣದಲ್ಲಿ. ಮೂರು ದಿನ ರಜ ಸಿಕ್ಕಿತು ಅಂತ ಗುರುವಾರ ರಾತ್ರಿಯೇ ಊರಿಗೆ ಬಂದಿದ್ದ. ನಾನು ಬೂತಲ್ಲಿ, ಅವನು ಮನೆಯಲ್ಲಿ ಅಮ್ಮನ ಕೈಯ ಅಕ್ಕಿರೊಟ್ಟಿ ತಿನ್ನುತ್ತಾ "ಈ ದೇಶ ಉದ್ಧಾರ ಆಗಲ್ಲ" ಅಂತ ಸ್ಟೇಟಸ್ ಹಾಕಿದ್ದ. ಅವನನ್ನೂ ಇಲ್ಲಿ ಟ್ಯಾಗ್ ಮಾಡಿದ್ದೇನೆ. ಅವರಮ್ಮ ಈಗಾಗಲೇ ಫೋನ್ ಮಾಡಿ ತೆಗೀರಿ ಅಂದಾಯಿತು. ತೆಗೆಯಲ್ಲ.