ಸ್ಟಾರ್ಟರ್ ಎಷ್ಟು, ರಿಲೀವರ್ ಎಷ್ಟು: ಫ್ಯಾಂಟಸಿ ಬೇಸ್‌ಬಾಲ್‌ನ ಒಂದು ಲೆಕ್ಕ

ಡ್ರಾಫ್ಟ್, ಅಂದರೆ ನಿಜವಾದ ಆಟಗಾರರನ್ನು ಸರದಿಯಂತೆ ನಮ್ಮ ಕಾಲ್ಪನಿಕ ತಂಡಗಳಿಗೆ ಆರಿಸಿಕೊಳ್ಳುವ ಕೆಲಸ, ಮುಗಿದ ರಾತ್ರಿ ನಮ್ಮ ಲೀಗ್‌ನಲ್ಲಿ ಪ್ರತಿವರ್ಷ ಏಳುವ ವಾದ ಒಂದೇ. ತಂಡದ ಪಿಚರ್‌ಗಳಲ್ಲಿ, ಅಂದರೆ ಚೆಂಡೆಸೆಯುವವರಲ್ಲಿ, ಪಂದ್ಯ ಆರಂಭಿಸುವ ಸ್ಟಾರ್ಟರ್‌ಗಳು ಎಷ್ಟಿರಬೇಕು, ಆಮೇಲೆ ಬಂದು ಎಸೆಯುವ ರಿಲೀವರ್‌ಗಳು ಎಷ್ಟಿರಬೇಕು? ಹೆಚ್ಚಿನವರು ಇದನ್ನು ಆಟಗಾರರ ಯೋಗ್ಯತೆಯ ಪ್ರಶ್ನೆಯೆಂದು ತಿಳಿದಿದ್ದಾರೆ. ನನ್ನ ಮಟ್ಟಿಗೆ ಇದು ಬಹುಪಾಲು ಪಂಚಾಂಗ ನೋಡುವ ಕೆಲಸ.

ಸ್ಟಾರ್ಟರ್ ಐದಾರು ದಿನಗಳಿಗೊಮ್ಮೆ ಎಸೆಯುತ್ತಾನೆ, ಅದು ಯಾವ ದಿನವೆಂಬುದು ಸಾಮಾನ್ಯವಾಗಿ ಮೊದಲೇ ತಿಳಿದಿರುತ್ತದೆ. ಆದ್ದರಿಂದ ಉಳಿದ ದಿನಗಳಲ್ಲಿ ಅವನನ್ನು ಬೆಂಚಿನಲ್ಲಿ ಕೂರಿಸಿ, ಒಂದೇ ಸ್ಥಾನದಲ್ಲಿ ಇಬ್ಬರು ಮೂವರನ್ನು ಸರದಿಯಂತೆ ಆಡಿಸಬಹುದು. ರಿಲೀವರ್‌ಗೆ ಮಾತ್ರ ದಿನವೂ ಸ್ಥಾನ ಕಾಯ್ದಿರಿಸಲೇಬೇಕು. ಕ್ರಿಕೆಟ್ ಫ್ಯಾಂಟಸಿ ಆಡಿ ಬಂದವರಿಗೆ ಇದು ವಿಚಿತ್ರವೆನಿಸೀತು: ಅಲ್ಲಿ ಟಾಸ್ ಆಗುವಷ್ಟರಲ್ಲಿ ಹನ್ನೊಂದು ಮಂದಿ ಯಾರೆಂದು ಗೊತ್ತಾಗುತ್ತದೆ, ಇಲ್ಲಿ ಕ್ಲೋಸರ್ (ಪಂದ್ಯ ಮುಗಿಸಲು ಬರುವ ರಿಲೀವರ್) ಇಂದು ಎಸೆಯುವನೇ ಎಂಬುದು ಒಂಬತ್ತರಲ್ಲಿ ಎಂಟನೇ ಇನಿಂಗ್ಸ್ ಕಳೆಯುವವರೆಗೆ ಅವನಿಗೇ ಗೊತ್ತಿರುವುದಿಲ್ಲ.

ನಮ್ಮದು ಗೆಲುವು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು), ಸೇವ್ (ಮುನ್ನಡೆ ಕಾಯ್ದು ಪಂದ್ಯ ಮುಗಿಸುವುದು), ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟ ರನ್, ಫೀಲ್ಡಿಂಗ್ ತಪ್ಪಿನವು ಬಿಟ್ಟು), ವಿಪ್ (ಇನಿಂಗ್ಸ್‌ಗೆ ಸರಾಸರಿ ಹೊಡೆತದಿಂದಲೋ ಕೆಟ್ಟ ಎಸೆತಗಳಿಂದಲೋ ಬೇಸ್ ತಲುಪಿದವರು) ಎಂಬ ಐದು ವಿಭಾಗಗಳನ್ನು ಎಣಿಸುವ ರೋಟೊ ಲೀಗ್, ಅಂದರೆ ಪ್ರತಿ ವಿಭಾಗದಲ್ಲೂ ಋತುವಿನ ಒಟ್ಟು ಅಂಕಿಗಳಿಂದ ತಂಡಗಳಿಗೆ ಸ್ಥಾನ ಕೊಡುವ ಲೀಗ್. ಇಡೀ ಋತುವಿಗೆ 1400 ಇನಿಂಗ್ಸ್‌ಗಳ ಮಿತಿಯಿದೆ. ತಲಾ 170 ಇನಿಂಗ್ಸ್ ಎಸೆಯುವ ಏಳು ಸ್ಟಾರ್ಟರ್‌ಗಳಿಂದ 1190, ತಲಾ 65 ಎಸೆಯುವ ಮೂವರು ಕ್ಲೋಸರ್‌ಗಳಿಂದ 195, ಒಟ್ಟು 1385. ಮಿತಿ ಬಹುತೇಕ ತುಂಬಿತು. ಗಾಯದಿಂದ ಹೊರಬೀಳುವವರ ಜಾಗಕ್ಕೆ ಬೇರೆಯವರನ್ನು ತಂದರೂ ನನ್ನ ಆಯವ್ಯಯ ಇಷ್ಟೇ.

ಕ್ಲೋಸರ್‌ಗಳು ತಂಡದ ಇಆರ್‌ಎಯನ್ನು ತೀರಾ ಇಳಿಸಿಬಿಡುತ್ತಾರೆಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. 65 ಇನಿಂಗ್ಸ್‌ಗಳಲ್ಲಿ 4.00ರ ಬದಲು 2.00 ಇಆರ್‌ಎ ಸಾಧಿಸಿದವನು ಉಳಿಸುವುದು ಸುಮಾರು 14 ರನ್. 1400 ಇನಿಂಗ್ಸ್‌ಗಳಿಗೆ ಹಂಚಿದರೆ ತಂಡದ ಇಆರ್‌ಎ ಇಳಿಯುವುದು 0.09 ಮಾತ್ರ. 170 ಇನಿಂಗ್ಸ್ ಎಸೆದು 4.00ರ ಬದಲು 3.00ರಲ್ಲಿ ನಿಲ್ಲುವ ಸ್ಟಾರ್ಟರ್ ಅದಕ್ಕಿಂತ ಹೆಚ್ಚು, ಅಂದರೆ 0.12ರಷ್ಟು ಇಳಿಸುತ್ತಾನೆ. ಹಾಗಾಗಿ ಕ್ಲೋಸರ್‌ಗೆ ತೆರುವ ಬೆಲೆ ಸೇವ್‌ಗಾಗಿಯೇ ಹೊರತು ಬೇರಾವುದಕ್ಕೂ ಅಲ್ಲ.

ಆ ಸೇವ್ ಆದರೋ ಮ್ಯಾನೇಜರನ ಮರ್ಜಿಯಲ್ಲಿದೆ. 1969ರಿಂದ ಅಧಿಕೃತವಾಗಿ ಎಣಿಕೆಯಾಗುತ್ತಿರುವ ಈ ಅಂಕಿ ಸಾಮಾನ್ಯವಾಗಿ ಮೂರು ರನ್‌ಗಳೊಳಗಿನ ಮುನ್ನಡೆಯನ್ನು ಕೊನೆಯ ಇನಿಂಗ್ಸ್‌ನಲ್ಲಿ ಕಾಯ್ದವನಿಗೆ ಸಲ್ಲುತ್ತದೆ. ಎಂಟನೇ ಇನಿಂಗ್ಸ್‌ನಲ್ಲಿ ಅದಕ್ಕಿಂತ ಚೆನ್ನಾಗಿ ಎಸೆದವನಿಗೆ ಸಿಗುವುದಿಲ್ಲ. ಗಾಯದ ಭಯ ಬೇರೆ: 2022ರಲ್ಲಿ 32 ಸೇವ್, 118 ಸ್ಟ್ರೈಕ್‌ಔಟ್ ಗಳಿಸಿದ ಕ್ಲೋಸರ್ ಎಡ್ವಿನ್ ಡಿಯಾಸ್, 2023ರ ಮಾರ್ಚ್‌ನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಗೆಲುವನ್ನು ಸಂಭ್ರಮಿಸುವಾಗ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಆ ಇಡೀ ಋತುವನ್ನು ಕಳೆದುಕೊಂಡರು. ಸ್ಟಾರ್ಟರ್‌ಗಳೇನೂ ಸುರಕ್ಷಿತರಲ್ಲ: 2023ರಲ್ಲಿ 281 ಸ್ಟ್ರೈಕ್‌ಔಟ್ ಪಡೆದ ಸ್ಪೆನ್ಸರ್ ಸ್ಟ್ರೈಡರ್ ಮರುವರ್ಷ ಎರಡೇ ಪಂದ್ಯ ಆಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದರು. ಆದರೆ ಋತುವಿನ ನಡುವೆ ಹೊಸ ಕ್ಲೋಸರ್ ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದವರ ಪಟ್ಟಿಯಲ್ಲಿ) ಹುಟ್ಟಿಕೊಳ್ಳುತ್ತಾನೆ, ಸ್ಟ್ರೈಡರ್‌ನಂಥವನು ಹುಟ್ಟಿಕೊಳ್ಳುವುದಿಲ್ಲ. ಆದ್ದರಿಂದಲೇ ನಾನು ಮೊದಲ ಸುತ್ತುಗಳಲ್ಲಿ ಇಬ್ಬರು ಗಟ್ಟಿ ಸ್ಟಾರ್ಟರ್‌ಗಳನ್ನೂ ನಡುವಿನಲ್ಲಿ ಒಬ್ಬ ನೆಲೆನಿಂತ ಕ್ಲೋಸರ್‌ನನ್ನೂ ತೆಗೆದುಕೊಂಡು, ಉಳಿದ ಇಬ್ಬರು ಕ್ಲೋಸರ್‌ಗಳಿಗೆ ಮೇ ತಿಂಗಳವರೆಗೆ ಕಾಯುತ್ತೇನೆ.

ವಾರಕ್ಕೊಬ್ಬ ಎದುರಾಳಿಯೊಡನೆ ಸೆಣಸುವ ಲೀಗ್‌ಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ರಿಲೀವರ್‌ಗಳನ್ನೇ ತುಂಬಿಕೊಂಡು ಸೇವ್, ಇಆರ್‌ಎ, ವಿಪ್ ಮೂರನ್ನು ಗೆದ್ದು, ಗೆಲುವು ಮತ್ತು ಸ್ಟ್ರೈಕ್‌ಔಟ್‌ಗಳನ್ನು ಬಿಟ್ಟುಕೊಡುವ ಜಾಣರಿದ್ದಾರೆ. ನಾನೂ ಒಮ್ಮೆ ಹಾಗೆ ಆಡಿದೆ. ವಾರದ ಕನಿಷ್ಠ ಇನಿಂಗ್ಸ್ ಮುಟ್ಟದೆ, ಭಾನುವಾರ ಕೈಗೆ ಸಿಕ್ಕ ಸ್ಟಾರ್ಟರ್ ಒಬ್ಬನನ್ನು ತಂಡಕ್ಕೆ ಎಳೆದುಕೊಂಡೆ. ಅವನು ಎರಡು ಇನಿಂಗ್ಸ್‌ಗಳಲ್ಲಿ ಏಳು ರನ್ ಕೊಟ್ಟು ಇಆರ್‌ಎ, ವಿಪ್ ಎರಡನ್ನೂ ಎದುರಾಳಿಯ ಮಡಿಲಿಗೆ ಹಾಕಿದ.