ಹೀರೋ ಯಾಕೆ ಸತ್ತ ಅಂದ್ರೆ...

ರಜೆಯ ದಿನ ಆಫೀಸಿಗೆ ಕರೆಸಿ 'ಪ್ರೇರಣಾ ಶಿಬಿರ' ಮಾಡುತ್ತಾರಲ್ಲ, ಅಲ್ಲಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನೀವೂ ಕೂತು ಎದ್ದವರೇ. ಕೋಟು ಹಾಕಿಕೊಂಡವರೊಬ್ಬರು ಬರುತ್ತಾರೆ. ಲೈಟ್ ಆರಿಸಿ ಒಂದು ಸಿನಿಮಾ ತುಣುಕು ತೋರಿಸುತ್ತಾರೆ. ಬಾಂಬು. ಟೈಮರ್. ಗೆಳೆಯರನ್ನೆಲ್ಲ ಆಚೆ ತಳ್ಳಿ, ಒಳಗಿನಿಂದ ಚಿಲಕ ಹಾಕಿಕೊಳ್ಳುವ ಹೀರೋ. ಢಂ. ಆಮೇಲೆ ಪಿಟೀಲು. ಲೈಟ್ ಹಾಕಿ ಕೇಳುತ್ತಾರೆ: "ಇವನ ಕೈಲಿ ಇದನ್ನು ಮಾಡಿಸಿದ್ದು ಯಾವುದು?"

ಈ ಸಲ ಬೆರಳು ನನ್ನ ಕಡೆಗೇ ತಿರುಗಿತು. "ಸ್ಕ್ರಿಪ್ಟಲ್ಲಿ ಹಾಗೆ ಬರೆದಿತ್ತು ಸಾರ್" ಅಂದೆ. ಎಲ್ಲರೂ ನಕ್ಕರು, ಅವರೊಬ್ಬರನ್ನು ಬಿಟ್ಟು. ಬೋರ್ಡಿನ ಮೇಲೆ 'ಪ್ರೀತಿ, ಕರ್ತವ್ಯ, ತಂಡ' ಅಂತ ಬರೆದರು. 'ತಂಡ'ದ ಕೆಳಗೆ ಎರಡು ಗೆರೆ ಎಳೆದರು.

ನಾನು ತಮಾಷೆ ಮಾಡಿದ್ದಲ್ಲ. ಕಥೆಗಳ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನೇ ತಗೊಳ್ಳಿ. 1893ರ ಡಿಸೆಂಬರ್‌ನಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಮುಗಿಸಲಾಯಿತು. ಮೊರಿಯಾರ್ಟಿ ಎಂಬ ಪಾತಕಿಯ ಕಾಟ ಲೋಕಕ್ಕೆ ತಪ್ಪುವುದಾದರೆ ತನ್ನ ಪ್ರಾಣ ಹೋದರೂ ಸರಿ ಅಂತ ಗೆಳೆಯ ವಾಟ್ಸನ್‌ಗೆ ಚೀಟಿ ಬೇರೆ ಬರೆದಿಟ್ಟ. ಓದಿದವರೆಲ್ಲ ಕಣ್ಣೊರೆಸಿಕೊಂಡರು. ಆದರೆ ನಿಜವಾದ ಕಾರಣ ಇರುವುದು ಇನ್ನೊಂದು ಕಾಗದದಲ್ಲಿ. ಅದನ್ನು ಬರೆದದ್ದು ಹೋಮ್ಸ್ ಕಥೆಗಳ ಲೇಖಕ ಕಾನನ್ ಡಾಯ್ಲ್, ಅದೂ 1891ರಲ್ಲೇ, ತನ್ನ ಅಮ್ಮನಿಗೆ. ಹೋಮ್ಸ್‌ನನ್ನು ಕೊಂದುಬಿಡೋಣ ಅಂತಿದ್ದೀನಿ, ಇವನ ದೆಸೆಯಿಂದ ಇದಕ್ಕಿಂತ ಒಳ್ಳೆಯ ಕೆಲಸದ ಕಡೆ ಮನಸ್ಸು ಹೋಗುತ್ತಿಲ್ಲ ಅಂತ. ಅಮ್ಮ ಸುತರಾಂ ಒಪ್ಪಲಿಲ್ಲ. ಮಗ ಎರಡು ವರ್ಷ ತಡೆದುಕೊಂಡ. ಐತಿಹಾಸಿಕ ಕಾದಂಬರಿ ಬರೆಯುವ ಆಸೆ ಇದ್ದದ್ದು ಡಾಯ್ಲ್‌ಗೆ, ಸಾಯಬೇಕಾಗಿ ಬಂದದ್ದು ಹೋಮ್ಸ್‌ಗೆ. ಹತ್ತು ವರ್ಷ ಆದ ಮೇಲೆ ಪತ್ರಿಕೆಯವರು ಕೈತುಂಬ ದುಡ್ಡು ಕೊಡ್ತೀವಿ ಅಂದರು. 1903ರಲ್ಲಿ ಹೋಮ್ಸ್ ವಾಪಸ್. ಅವನು ಬಿದ್ದೇ ಇರಲಿಲ್ಲವಂತೆ. ಜಪಾನಿ ಕುಸ್ತಿಯ ಪಟ್ಟು ಗೊತ್ತಿತ್ತಂತೆ!

ಇವನೊಬ್ಬನೇ ಅಲ್ಲ. 'ಸ್ಟಾರ್ ಟ್ರೆಕ್' ಸಿನಿಮಾಗಳ ಸ್ಪಾಕ್ 1982ರಲ್ಲಿ ತನ್ನ ಬಾಹ್ಯಾಕಾಶ ನೌಕೆ ಉಳಿಸಲು ವಿಕಿರಣದ ಕೋಣೆಗೆ ನುಗ್ಗಿ ಸತ್ತ, 1984ರಲ್ಲಿ ಬಂದ. ಸೂಪರ್‌ಮ್ಯಾನ್ 1992ರಲ್ಲಿ ಸತ್ತ, ಮಾರನೇ ವರ್ಷವೇ ಎದ್ದು ಕೂತ. ಇದನ್ನು ತ್ಯಾಗ ಅನ್ನುವುದಿಲ್ಲ, ಸಂಬಳ ಸಹಿತ ರಜೆ ಅನ್ನುತ್ತಾರೆ.

ಅಂದ ಹಾಗೆ, ಈ ಹೀರೋಗಳ ಮನೆಯಲ್ಲಿ ಯಾರೂ ಇರುವುದಿಲ್ಲ, ಗಮನಿಸಿದ್ದೀರಾ? ಅಪ್ಪ ಅಮ್ಮ ಇಲ್ಲ. ಹೆಂಡತಿ ಇದ್ದರೆ ಮೊದಲ ಹತ್ತು ನಿಮಿಷದಲ್ಲೇ ಸಾಯುತ್ತಾಳೆ. ಅವನಿಗೊಂದು ಕಾರಣ ಬೇಕಲ್ಲ. 1999ರಲ್ಲಿ ಗೇಲ್ ಸಿಮೋನ್ ಎಂಬಾಕೆ ಕಾಮಿಕ್ಸ್‌ಗಳಲ್ಲಿ ಹೀಗೆ ಸತ್ತ, ನರಳಿದ ಹೆಂಗಸರ ಪಟ್ಟಿಯನ್ನೇ ಮಾಡಿದರು. ಆ ಪಟ್ಟಿಯ ಹೆಸರು 'ಫ್ರಿಜ್ಜಿನೊಳಗಿನ ಹೆಂಗಸರು'. ಯಾಕೆಂದರೆ ಒಬ್ಬ ಹೀರೋಗೆ ಅವನ ಗೆಳತಿಯ ಹೆಣ ಸಿಕ್ಕಿದ್ದೇ ಫ್ರಿಜ್ಜಿನಲ್ಲಿ. ತ್ಯಾಗದ ಹೆಸರು ಅವನಿಗೆ, ಫ್ರಿಜ್ಜು ಅವಳಿಗೆ.

ಇದ್ದದ್ದರಲ್ಲಿ ನಮ್ಮ ಕರ್ಣ ವಾಸಿ. ಮಹಾಭಾರತದ ವನಪರ್ವ ನೋಡಿ. ಇಂದ್ರ ಬ್ರಾಹ್ಮಣನ ವೇಷದಲ್ಲಿ ಕವಚ ಕುಂಡಲ ಕೇಳಲು ಬರುತ್ತಾನೆ, ಕೊಡಬೇಡ ಅಂತ ಸೂರ್ಯ ಕನಸಿನಲ್ಲಿ ಬಂದು ಮೊದಲೇ ಹೇಳಿದ್ದ. ಕರ್ಣ ಪ್ರೀತಿ, ಕರ್ತವ್ಯ, ತಂಡ ಅಂತೆಲ್ಲ ಸುತ್ತಿ ಬಳಸಲಿಲ್ಲ. ನನಗೆ ಕೀರ್ತಿ ಬೇಕು, ಪ್ರಾಣ ಹೋದರೂ ಪರವಾಗಿಲ್ಲ ಅಂದ. ಸೂರ್ಯ ಅದಕ್ಕೂ ಬಿಡಲಿಲ್ಲ. ಸತ್ತವನಿಗೆ ಕೀರ್ತಿ ಅಂದರೆ ಹೆಣದ ಕೊರಳಿಗೆ ಹಾರ ಹಾಕಿದಂತೆ ಅಂದ. ಮಗ ಕೇಳುವುದಿಲ್ಲ ಅಂತ ಖಾತ್ರಿಯಾದಾಗ ಇನ್ನೊಂದು ಮಾತು ಹೇಳಿಕೊಟ್ಟ: ಕೊಡುವುದೇ ಆದರೆ ಸುಮ್ನೆ ಕೊಡಬೇಡ, ಬದಲಿಗೆ ಶಕ್ತ್ಯಾಯುಧ ಕೇಳು. ಕರ್ಣ ಕೇಳಿದ, ಇಂದ್ರ ಕೊಟ್ಟ. ದಾನಶೂರನೂ ರಸೀದಿ ಇಸ್ಕೊಂಡ ಅಂತಾಯಿತು. ಅಪ್ಪ ಅಂದರೆ ಹೀಗಿರಬೇಕು.

2020ರಲ್ಲಿ ದಾದಿಯರ ಪರವಾಗಿ ಹಾಗೆ ಕೇಳುವ ಅಪ್ಪ ಯಾರೂ ಇರಲಿಲ್ಲ. ಊರೂರಲ್ಲಿ ಜನ ಬಾಲ್ಕನಿಗೆ ಬಂದು ಚಪ್ಪಾಳೆ ತಟ್ಟಿದರು. ನೀವೇ ನಿಜವಾದ ಹೀರೋಗಳು ಅಂತ ಬ್ಯಾನರ್ ಕಟ್ಟಿದರು. ಒಳಗೆ ಅವರು ಗೌನ್ ಸಾಲದೆ ಕಸದ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ನಿಂತಿದ್ದರು. 2021ರ ಮೇ ತಿಂಗಳ ಹೊತ್ತಿಗೆ ಕೋವಿಡ್‌ಗೆ ಸತ್ತ ಆರೋಗ್ಯ ಸಿಬ್ಬಂದಿ 80,000ದಿಂದ 1,80,000 ಇರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಅಂದಾಜು ಮಾಡಿತು. ಇವರಲ್ಲಿ ಎಷ್ಟು ಜನ ಸಾಯಲು ತಯಾರಾಗಿ ಬಂದಿದ್ದರು? ಅವರು ಡ್ಯೂಟಿಗೆ ಬಂದಿದ್ದರು, ಅಷ್ಟೇ. ಪಾಳಿ ಮುಗಿಸಿ ಮನೆಗೆ ಹೋಗಬೇಕಿತ್ತು. ಹೀರೋ ಅಂತ ಕರೆದುಬಿಟ್ಟರೆ ಮಾಸ್ಕ್ ಯಾಕೆ ಕೊಡಲಿಲ್ಲ ಅಂತ ಯಾರೂ ಕೇಳುವುದಿಲ್ಲ. ಹೀರೋ ಸಾಯುವುದು ಕಥೆಯಲ್ಲಿ ಇದ್ದದ್ದೇ ಅಲ್ವಾ. ಇವರು ಎರಡನೇ ಭಾಗದಲ್ಲಿ ಎದ್ದು ಬರಲಿಲ್ಲ. ನನಗೆ ಆಗಿನಿಂದ ಆ ಪಿಟೀಲು ಕೇಳಿದರೆ ಮೈ ಉರಿಯುತ್ತದೆ.

ಶಿಬಿರ ಐದು ಗಂಟೆಗೆ ಮುಗಿಯಬೇಕಿತ್ತು, ಆರೂವರೆಯಾಯಿತು. "ಯಾರಿಗಾದರೂ ಪ್ರಶ್ನೆ ಇದೆಯಾ?" ಅಂದರು ಕೋಟಿನವರು.

ಕೈ ಎತ್ತಿದೆ. "ಇವತ್ತು ಬಂದಿದ್ದಕ್ಕೆ ಬದಲಿ ರಜೆ ಕೊಡ್ತೀರಾ ಸಾರ್?"

"ಅದು ಎಚ್‌ಆರ್‌ನವರನ್ನ ಕೇಳಬೇಕು" ಅಂದರು, ಬೋರ್ಡ್ ಒರೆಸುತ್ತಾ.