ಡಾಕ್ಟರ್ ಓಡಿಸಿದ ಕಾರು

ಸೆಕೆಂಡ್ ಹ್ಯಾಂಡ್ ಕಾರಿನ ಬ್ರೋಕರುಗಳ ಮಾತು ನಂಬುವುದಾದರೆ, ಬೆಂಗಳೂರಿನ ಡಾಕ್ಟರುಗಳು ಕಾರು ಕೊಳ್ಳುತ್ತಾರೆಯೇ ಹೊರತು ಓಡಿಸುವುದಿಲ್ಲ. "ಡಾಕ್ಟರ್ ಗಾಡಿ ಸಾರ್. ಸಿಂಗಲ್ ಓನರ್. ಭಾನುವಾರ ಮಾತ್ರ ಆಚೆ ತೆಗೀತಿದ್ರು" ಅಂದ ನನ್ನ ಬ್ರೋಕರು. ನಾನು ಬಗ್ಗಿ ಮೀಟರ್ ನೋಡಿದೆ. 11 ವರ್ಷಕ್ಕೆ 27,400 ಕಿಲೋಮೀಟರ್. ನನ್ನ ಹಳೇ ಸ್ಕೂಟರೇ ಅದರ ಎರಡರಷ್ಟು ಓಡಿತ್ತು. ಕೆಂಪು ಬಣ್ಣ, ಎರಡೇ ಬಾಗಿಲು, ನೆಗೆಯಲು ಹೊಂಚು ಹಾಕಿ ಕೂತ ಬೆಕ್ಕಿನಂಥ ಬೆನ್ನು. ಐವತ್ತೆರಡನೇ ವಯಸ್ಸಿನಲ್ಲಿ ಗಂಡಸಿನ ಪಕ್ಕದಲ್ಲಿ ಬುದ್ಧಿ ಹೇಳುವವರು ಯಾರಾದರೂ ಇರಬೇಕು. ಅವತ್ತು ನನ್ನ ಪಕ್ಕದಲ್ಲಿ ಇದ್ದವನು ಬ್ರೋಕರು ಒಬ್ಬನೇ.

ಜರ್ಮನಿಯ ಕಾರು. ಕಂಪನಿ ಹೆಸರು ಬೇಡ ಬಿಡಿ. ಅವರು ಮಾರಿದ್ದು ಡಾಕ್ಟರಿಗೆ, ನನಗಲ್ಲ. ನನ್ನ ಗೋಳಿಗೆ ಅವರನ್ನು ಎಳೆಯುವುದು ನ್ಯಾಯವಲ್ಲ. ಈ ಜಾತಿಯ ಕಾರಿಗೆ ಕೂಪೆ ಎನ್ನುತ್ತಾರೆ. ಫ್ರೆಂಚಿನಲ್ಲಿ ಹಾಗೆಂದರೆ ಕತ್ತರಿಸಿದ್ದು ಅಂತ. ಸಾರೋಟಿನ ಕಾಲದಲ್ಲಿ ಎದುರುಬದುರು ಸೀಟಿನ ದೊಡ್ಡ ಗಾಡಿಯ ಒಂದು ಭಾಗ ಕತ್ತರಿಸಿ ತೆಗೆದು, ಇಬ್ಬರಿಗೆ ಮಾತ್ರ ಉಳಿಸಿದ ಗಾಡಿಯಿಂದ ಬಂದ ಹೆಸರು. ಮುಂದೆ ಕತ್ತರಿ ಬಿದ್ದದ್ದು ನನ್ನ ಜೇಬಿಗೆ. ನನ್ನ ಹೆಂಡತಿಗೆ ಗೊತ್ತಿದ್ದ ಕೂಪೆ ರೈಲಿನ ಫಸ್ಟ್ ಕ್ಲಾಸಿನದು, ಇಬ್ಬರು ಕಾಲು ಚಾಚಿ ಮಲಗುವಂಥದ್ದು. ಅದೇ ಆಸೆಯಲ್ಲಿ ಹಿಂದಿನ ಸೀಟಿಗೆ ಒಂದು ಕಾಲಿಟ್ಟಳು, ಇನ್ನೊಂದಕ್ಕೆ ಜಾಗ ಹುಡುಕಿದಳು, ಸಿಗದೆ ಹೊರಗೆ ಬಂದಳು. "ಇಲ್ಲಿ ತರಕಾರಿ ಬ್ಯಾಗ್ ಕೂರುತ್ತೆ ರೀ. ಸೊಪ್ಪಾದ್ರೆ."

ಬೆಲೆ ಹದಿಮೂರು ಲಕ್ಷ. ಹೊಸದಾಗಿದ್ದಾಗ ಅದರ ಮೂರರಷ್ಟಕ್ಕಿಂತ ಜಾಸ್ತಿ ಇತ್ತಂತೆ. ಹಳೇ ಕೂಪೆಯ ಮೋಸವೆಲ್ಲ ಇಲ್ಲೇ ಇರುವುದು. ಕಾರಿನ ಬೆಲೆ ಬಿದ್ದಿರುತ್ತದೆ, ಅದರ ಸಾಮಾನಿನ ಬೆಲೆ ಬಿದ್ದಿರುವುದಿಲ್ಲ. ಹದಿಮೂರು ಲಕ್ಷದ ಕಾರಿಗೆ ಹೆಡ್‌ಲೈಟು ಬೇಕೆಂದರೆ ಅದು ನಲವತ್ತು ಲಕ್ಷದ ಕಾರಿನ ಹೆಡ್‌ಲೈಟೇ. ನನಗೆ ಈ ಜ್ಞಾನ ಬಂದದ್ದು ಆರ್‌ಸಿ ನನ್ನ ಹೆಸರಿಗೆ ಆದ ಮೇಲೆ.

ಕೊಳ್ಳುವ ಮುಂಚೆ ಮೆಕ್ಯಾನಿಕ್‌ಗೆ ತೋರಿಸಬೇಕು ಅನ್ನುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಬ್ರೋಕರು ಲ್ಯಾಪ್‌ಟಾಪ್ ತೆರೆದು ತೋರಿಸಿದ್ದ: "ಫುಲ್ ಸ್ಕ್ಯಾನ್ ಮಾಡಿಸಿದೀವಿ ಸಾರ್, ಒಂದೂ ಎರರ್ ಇಲ್ಲ." ನಿಜವಾಗಿಯೂ ಒಂದೂ ಇರಲಿಲ್ಲ. ಮಾರನೇ ದಿನ ನನ್ನ ಹಳೇ ಪರಿಚಯದ ಮೆಕ್ಯಾನಿಕ್ ಭಾಯ್ ತಮ್ಮ ಅಂಗೈಯಗಲದ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗೆ ಸಿಕ್ಕಿಸಿದರು. ಕಾರಿನ ಕಂಪ್ಯೂಟರಿಗೆ ಒಂದು ಗುಣ ಇದೆ: ದೂರುಗಳನ್ನೆಲ್ಲ ಅಳಿಸಿದರೂ, ಅಳಿಸಿದ ಮೇಲೆ ಎಷ್ಟು ದೂರ ಓಡಿದೆ ಅನ್ನುವುದನ್ನು ಅದು ಬರೆದಿಟ್ಟುಕೊಂಡಿರುತ್ತದೆ.

"ಎರರ್ ಕ್ಲಿಯರ್ ಮಾಡಿ ಇಪ್ಪತ್ತೊಂದು ಕಿಲೋಮೀಟರ್ ಆಗಿದೆ ಸಾರ್" ಅಂದರು ಭಾಯ್.

ಬ್ರೋಕರನ ಯಾರ್ಡಿನಿಂದ ರಾಜಾಜಿನಗರದ ನಮ್ಮ ಮನೆಗೆ ಹದಿನೇಳು. ಮನೆಯಿಂದ ಭಾಯ್ ಗ್ಯಾರೇಜಿಗೆ ನಾಲ್ಕು. ಕೂಡಿಸಲು ಲ್ಯಾಪ್‌ಟಾಪ್ ಬೇಕಾಗಲಿಲ್ಲ.

ಭಾಯ್ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾನೆಟ್ ಎತ್ತಲಿಲ್ಲ. ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಕ್ಕದಲ್ಲಿ ಅಚ್ಚಾಗಿದ್ದ ನಾಲ್ಕು ಅಂಕಿಯ ಮೇಲೆ ಬೆರಳಿಟ್ಟರು. 2314.

"ಟೈರಿನ ಮೈಮೇಲಿನ ಬಟನ್ ಎಲ್ಲ ಹೊಸದರ ಥರಾನೇ ಇದೆಯಲ್ಲ ಭಾಯ್?" ಅಂದೆ.

"ಬಟನ್ ಇದೆ ಸಾರ್. ಟೈರಿಲ್ಲ. 2014ನೇ ಇಸವಿ, ಇಪ್ಪತ್ಮೂರನೇ ವಾರದ ಮಾಲು ಇದು. ಸವೆದಿಲ್ಲ, ಒಣಗಿದೆ." ಉಗುರಿನಿಂದ ಒತ್ತಿ ತೋರಿಸಿದರು. ಬೇಸಿಗೆಯಲ್ಲಿ ಬರಿಗಾಲಲ್ಲಿ ನಡೆದವರ ಹಿಮ್ಮಡಿಯಂತೆ ಸಣ್ಣ ಸಣ್ಣ ಬಿರುಕು.

ಆಮೇಲೆ ಬಾನೆಟ್ ಎತ್ತಿದರು. ಬ್ರೇಕ್ ಆಯಿಲು ಗಾಳಿಯಲ್ಲಿರುವ ತೇವ ಹೀರಿಕೊಳ್ಳುತ್ತದಂತೆ. ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮದು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯ ಅಂಚಿನಲ್ಲಿ ಗುಲಾಬಿ ಉಪ್ಪು ಕಟ್ಟಿತ್ತು. ಬೆಲ್ಟು, ಹೋಸು, ಇಂಜಿನ್ ಮೌಂಟು, ರಬ್ಬರ್ ಎನ್ನುವ ಪದಾರ್ಥ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಭಾಯ್ ತಲೆ ಆಡಿಸಿದರು.

"ಕಡಿಮೆ ಓಡಿದೆ ಅಂತಲ್ಲವಾ ಭಾಯ್ ನಾನು ತಗೊಂಡಿದ್ದು?"

"ಅದೇ ಕಾಯಿಲೆ ಸಾರ್. ಓಡೋ ಗಾಡಿ ಸವೆಯುತ್ತೆ, ನಿಂತ ಗಾಡಿ ಕೊಳೆಯುತ್ತೆ. ಡಾಕ್ಟರ್ ಸಾಹೇಬ್ರು ಪೇಷಂಟಿಗೆಲ್ಲ ವಾಕಿಂಗ್ ಮಾಡಿ ಅಂದಿರ್ತಾರೆ. ಗಾಡಿಗೆ ಹೇಳಿಲ್ಲ ನೋಡಿ."

ಅಲ್ಲಿಂದ ಶುರುವಾಯಿತು. ನನ್ನ ಹೆಂಡತಿಯ ಖರ್ಚಿನ ಪುಸ್ತಕದಲ್ಲಿ ಆ ಆರು ತಿಂಗಳು ಹೀಗಿದೆ: ಹಾಲು, ಪೇಪರು, ಇಸ್ತ್ರಿಯವನು, ಮೆಕಾಟ್ರಾನಿಕ್.

ಈ ಮೆಕಾಟ್ರಾನಿಕ್ ಎಂಬುದು ಗೇರ್‌ಬಾಕ್ಸಿನ ಮೆದುಳು. ನಮ್ಮ ಕಾರಿನ ಗೇರ್‌ಬಾಕ್ಸಿನಲ್ಲಿ ಒಂದಲ್ಲ, ಎರಡು ಕ್ಲಚ್ಚು. ಒಂದು, ಮೂರು, ಐದನೇ ಗೇರು ಮತ್ತು ರಿವರ್ಸ್ ಒಂದರ ಪಾಲಿಗೆ. ಎರಡು, ನಾಲ್ಕು, ಆರು ಇನ್ನೊಂದರ ಪಾಲಿಗೆ. ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಂಡ ಹಾಗೆ. ಇಬ್ಬರೂ ಹೊಂದಿಕೊಂಡಿದ್ದಾಗ ಗೇರು ಬಿದ್ದದ್ದೇ ಗೊತ್ತಾಗುವುದಿಲ್ಲ, ಬೆಣ್ಣೆ. ಆದರೆ ಆ ಮೆದುಳು ಈಜಾಡುವ ಆಯಿಲನ್ನು ಹೊತ್ತುಹೊತ್ತಿಗೆ ಬದಲಾಯಿಸಬೇಕು. ಕಿಲೋಮೀಟರ್ ಲೆಕ್ಕದಲ್ಲಿ ಇನ್ನೂ ಟೈಮ್ ಆಗಿಲ್ಲ ಎಂದು ಡಾಕ್ಟರು 11 ವರ್ಷ ಅದರ ತಂಟೆಗೇ ಹೋಗಿರಲಿಲ್ಲ.

ಒಂದು ಶನಿವಾರ ಸಂಜೆ ಮಲ್ಲೇಶ್ವರದ ಒಂದು ಕ್ರಾಸಿನಲ್ಲಿ ಪಾರ್ಕಿಂಗ್ ಹುಡುಕುತ್ತ, ಮುಂದೆ ದಾರಿಯಿಲ್ಲದ ಒಂದು ಸಂದಿಗೆ ನುಗ್ಗಿದೆ. ಅಲ್ಲೇ ಅಣ್ಣ ಮುನಿಸಿಕೊಂಡ. ಮೀಟರಿನಲ್ಲಿ ಸ್ಪ್ಯಾನರ್ ಚಿತ್ರ ಮಿನುಗಿತು, ಅಣ್ಣನ ಪಾಲಿನ ಗೇರುಗಳೆಲ್ಲ ಹೋದವು, ಜೊತೆಗೆ ರಿವರ್ಸೂ ಹೋಯಿತು. ಉಳಿದದ್ದು ಎರಡನೇ ಗೇರು. ಮುಂದೆ ಒಂದು ತುಳಸಿಕಟ್ಟೆ, ಅದರ ಹಿಂದೆ ಒಬ್ಬರ ಮನೆಯ ಅಡುಗೆಮನೆ. ಮುಂದಕ್ಕೆ ಹೋಗಲು ಕಾರು ಸಿದ್ಧವಿತ್ತು, ಹಿಂದಕ್ಕೆ ಮಾತ್ರ ಬರುವುದಿಲ್ಲ ಅಂದಿತು.

ಕನ್ನಡಿಗರು ಒಳ್ಳೆಯವರು. ಹೂವಿನವರು, ಬೋಂಡಾ ತಿನ್ನುತ್ತಿದ್ದ ಹುಡುಗರು, ಕ್ರಿಕೆಟ್ ನಿಲ್ಲಿಸಿ ಬಂದ ಮಕ್ಕಳು, ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು, ಎಲ್ಲ ಸೇರಿ ಕಾರನ್ನು ಮುಂದಿನಿಂದ ಹಿಂದಕ್ಕೆ ನೂಕಿದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಸ್ಟಿಯರಿಂಗ್ ತಿರುಗಿಸುತ್ತಿದ್ದೆ. ಹಿರಿಯರು ಏದುಸಿರು ಬಿಡುತ್ತ ಕೇಳಿದರು: "ಮೈಲೇಜ್ ಎಷ್ಟು ಕೊಡುತ್ತಪ್ಪಾ?"

"ಹೀಗೆ ನೀವೆಲ್ಲ ಕೈ ಹಾಕಿದರೆ ಚೆನ್ನಾಗೇ ಕೊಡುತ್ತೆ ಸಾರ್."

ಇನ್ನು ಕಿಟಕಿ. ಈ ಕಾರಿನ ಬಾಗಿಲಿಗೆ ಗಾಜಿನ ಸುತ್ತ ಚೌಕಟ್ಟಿಲ್ಲ. ನೋಡಲು ಚೆಂದ. ಆದ್ದರಿಂದ ಬಾಗಿಲು ತೆರೆದಾಗ ಗಾಜು ಒಂದು ಬೆರಳಷ್ಟು ತಾನಾಗಿ ಇಳಿಯಬೇಕು, ಮುಚ್ಚಿದಾಗ ತಾನಾಗಿ ಏರಿ ಮೇಲಿನ ರಬ್ಬರಿನಲ್ಲಿ ಕೂರಬೇಕು. ನಮ್ಮದು ಇಳಿಯುವುದನ್ನು ನೆನಪಿಟ್ಟುಕೊಂಡು ಏರುವುದನ್ನು ಮರೆಯಿತು. ಆ ಬೆರಳಷ್ಟು ಸಂದಿಯಲ್ಲಿ ಐವತ್ತರ ಸ್ಪೀಡು ದಾಟಿದರೆ ಗಾಳಿ ಸೀಟಿ ಹಾಕುತ್ತದೆ. ಕಾರ್ಡ್ ರೋಡಿನಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಒಂದೊಂದು ಸಲ ಕೂಗಿ ನಿಲ್ಲುತ್ತಿತ್ತು. "ಮೂರು ಕೂಗಾಯ್ತು, ಆಫ್ ಮಾಡ್ರೀ" ಅಂದಳು ಹೆಂಡತಿ. ಬ್ಯಾಟರಿ ಸತ್ತ ದಿನದ ಕಥೆ ಇದಕ್ಕೆ ಉಲ್ಟಾ: ಕೀಲಿ ತಿರುಗಿಸಿದರೆ ಬೀಗ ತೆರೆಯುತ್ತದೆ, ಗಾಜು ಇಳಿಯುವುದಿಲ್ಲ, ಮೇಲಿನ ರಬ್ಬರು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರುತ್ತದೆ. ಒಂಬತ್ತು ದಿನ ಊರಿಗೆ ಹೋಗಿ ಬಂದಿದ್ದೆವು, ಅಷ್ಟೇ. ಡಾಕ್ಟರು ಹೇಗೆ ಸಂಭಾಳಿಸಿದರೋ.

ನಮ್ಮ ಬೀದಿಯ ಹಂಪಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಈ ಕಾರಿನ ಕಾಯಿಲೆಗಳಲ್ಲಿ ಅರ್ಧ ಅಲ್ಲಿಯೇ ಹುಟ್ಟಿದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಂಪು ಹೇಗಿರಬೇಕೆಂದು ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ. ನಮ್ಮ ಬೀದಿಯ ಗುತ್ತಿಗೆದಾರ ಎತ್ತರದಲ್ಲಿ ಉದಾರಿ, ಅಗಲದಲ್ಲಿ ಜಿಪುಣ. ಬೋರಲು ಹಾಕಿದ ಬಾಂಡ್ಲಿಯ ಹಾಗೆ ಕಟ್ಟಿಟ್ಟು ಹೋಗಿದ್ದಾನೆ. ಆ ಬಾಂಡ್ಲಿಗೂ ನನ್ನ ಕಾರಿನ ಹೊಟ್ಟೆಗೂ ದಿನಕ್ಕೆರಡು ಸಲ ಭೇಟಿ. ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಮರೆ ಕಿತ್ತು ಬಂದು ನೆಲಕ್ಕೆ ಉಜ್ಜುತ್ತ ಹೋಗುವುದು, ಭಾಯ್ ಅದಕ್ಕೆ ಕೇಬಲ್ ಟೈ ಬಿಗಿಯುವುದು ಮಾಮೂಲಾಯಿತು. ಕೊನೆಗೆ ನಾವೊಂದು ಪದ್ಧತಿ ಮಾಡಿಕೊಂಡೆವು. ಹಂಪಿನ ಮುಂದೆ ಕಾರು ನಿಲ್ಲಿಸುತ್ತೇನೆ. ಹೆಂಡತಿ ಇಳಿಯುತ್ತಾಳೆ. ಭಾರ ಕಡಿಮೆಯಾಗಿ ಕಾರು ಒಂದೆರಡು ಬೆರಳು ಏಳುತ್ತದೆ. ಚಕ್ರ ಒಂದೊಂದಾಗಿ ಏರುವ ಹಾಗೆ ಓರೆಯಾಗಿ ದಾಟಿಸುತ್ತೇನೆ. ಅವಳು ಹಂಪು ದಾಟಿ ನಡೆದು ಬಂದು ಮತ್ತೆ ಹತ್ತುತ್ತಾಳೆ. ಹಿಂದೆ ನಿಂತ ಆಟೋಗಳ ಹಾರ್ನಿನ ಮಧ್ಯೆ ಎದುರುಮನೆಯ ಆಂಟಿ ಒಂದು ದಿನ ತಡೆಯಲಾರದೆ ಕೇಳಿದರು: "ದಿನಾ ಇಷ್ಟು ಬೇಗ ಜಗಳ ಆಗಿ, ಇಷ್ಟು ಬೇಗ ರಾಜಿ ಹೇಗೆ ಆಗ್ತೀರಮ್ಮ?"

ಗೇರ್‌ಬಾಕ್ಸಿನ ರಿಪೇರಿ ಮುಗಿಯಿತು ಅನ್ನುವಾಗ ಇಂಜಿನ್ ನಡುಗಲು ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಚಳಿಜ್ವರ ಬಂದವರ ಹಾಗೆ. ಹಳೇ ಕಾಲದ ಇಂಜಿನ್‌ಗಳಲ್ಲಿ ಪೆಟ್ರೋಲು ವಾಲ್ವಿನ ಮೇಲಿಂದ ಹಾದು, ಅದನ್ನು ತೊಳೆದುಕೊಂಡೇ ಒಳಗೆ ಹೋಗುತ್ತಿತ್ತು. ಇದರಲ್ಲಿ ಪೆಟ್ರೋಲು ನೇರ ಸಿಲಿಂಡರಿಗೇ ಚಿಮ್ಮುತ್ತದೆ. ತೊಳೆಯುವವರಿಲ್ಲದ ವಾಲ್ವಿನ ಮೇಲೆ ಆಯಿಲ್ ಹಬೆ ಕೂತು ಕೂತು ಮಸಿ ಕಟ್ಟುತ್ತದೆ. ಬರೀ ಮನೆಯಿಂದ ದೇವಸ್ಥಾನ, ದೇವಸ್ಥಾನದಿಂದ ಮನೆ ಎಂದು ಓಡಿದ ಗಾಡಿಗೆ ಇನ್ನೂ ಜಾಸ್ತಿಯಂತೆ. ಭಾಯ್ ಫೋನಿನಲ್ಲಿ ಫೋಟೋ ಕಳಿಸಿದರು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಮದುವೆಮನೆ ಬಾಣಲೆ ತಳ ಹೀಗೇ ಇರುತ್ತೆ. ಹುಣಸೆಹಣ್ಣು ಹಚ್ಚಿ ಉಜ್ಜೋಕೆ ಹೇಳು" ಅಂದಳು.

ಹುಣಸೆಹಣ್ಣಲ್ಲ, ಅಕ್ರೋಟು. ತಮಾಷೆಯಲ್ಲ. ಅಕ್ರೋಟಿನ ಚಿಪ್ಪನ್ನು ರವೆಯ ಹಾಗೆ ಪುಡಿ ಮಾಡಿ, ಗಾಳಿಯ ಒತ್ತಡದಲ್ಲಿ ವಾಲ್ವಿನ ಮೇಲೆ ಎರಚುತ್ತಾರೆ. ಮಸಿ ಕೀಳುವಷ್ಟು ಗಟ್ಟಿ, ಲೋಹಕ್ಕೆ ಗಾಯ ಮಾಡದಷ್ಟು ಮೆತ್ತಗೆ. ಬಿಲ್ಲಿನಲ್ಲಿ ಆ ಸಾಲು ಓದಿದ ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ತಿಂಗಳ ಹಿಂದೆ ಆಕೆ ಮಂಡಿನೋವಿಗೆ ಒಳ್ಳೆಯದೆಂದು ಕಾಲು ಕೇಜಿ ಅಕ್ರೋಟು ಕೇಳಿದಾಗ, ಬೆಲೆ ನೋಡಿ ನಾನು ಕಡಲೆಕಾಯಿ ತಂದುಕೊಟ್ಟಿದ್ದೆ.

ಇಲಿಯದ್ದು ಸಣ್ಣ ಕಥೆ. ನಿಂತ ಗಾಡಿಯ ಬೆಚ್ಚಗಿನ ಬಾನೆಟ್ ಒಳಗೆ ಇಲಿ ಸಂಸಾರ ಹೂಡುವುದು, ವೈರು ಕಡಿಯುವುದು ಎಲ್ಲ ಕಾರಿಗೂ ಇದ್ದದ್ದೇ. ಅಮ್ಮ ಹೊಗೆಸೊಪ್ಪು ಕಟ್ಟಿಡು ಅಂದಳು. ಕಟ್ಟಿಟ್ಟೆ. ಇಲಿ ಹೋಯಿತು. ಎಸಿ ಹಾಕಿದರೆ ಸಂತೆಯಲ್ಲಿ ಎಲೆಯಡಿಕೆ ಅಂಗಡಿ ಮುಂದೆ ಕೂತ ಹಾಗಾಗುತ್ತಿತ್ತು. ಶಿವಮೊಗ್ಗದಿಂದ ಬಂದಿದ್ದ ಮಾವನವರು ಹತ್ತು ನಿಮಿಷ ಕೂತು ಇಳಿದವರು, ಮಗಳನ್ನು ಪಕ್ಕಕ್ಕೆ ಕರೆದು, "ಅಳಿಯಂದಿರು ಯಾವಾಗಿಂದ ಶುರು ಮಾಡಿದ್ದಾರೆ?" ಎಂದು ವಿಚಾರಿಸಿದರು.

ಆರು ತಿಂಗಳ ಒಟ್ಟು ಲೆಕ್ಕ 2,86,000 ರೂಪಾಯಿ. ಇನ್ನು ಮಾರಿಬಿಡೋಣ ಎಂದು ಭಾಯ್ ಹತ್ತಿರ ಹೋದರೆ ಅವರು ಕೈ ಒರೆಸಿಕೊಂಡು, "ಈಗ ಎಲ್ಲ ಹೊಸದು ಹಾಕಿದೀವಿ ಸಾರ್. ಈಗ ಮಾರಿದ್ರೆ ಬೇರೆಯವ್ರಿಗೆ ದಾನ ಮಾಡಿದ ಹಾಗೆ. ವಾರಕ್ಕೊಂದು ಸಲ ಹೈವೇಗೆ ತಗೊಂಡ್ಹೋಗಿ, ಚೆನ್ನಾಗಿ ಬಿಸಿ ಆಗೋವರೆಗೂ ಓಡಿಸಿ. ಔಷಧಿ ಅದೇ" ಅಂದರು.

ಹಾಗಾಗಿ ಕಳೆದ ಭಾನುವಾರ ಬೆಳಗ್ಗೆ ಐದಕ್ಕೆ ತುಮಕೂರು ರಸ್ತೆ ಹಿಡಿದೆ. ಅಮ್ಮ ತಾನೂ ಬರುತ್ತೇನೆ ಅಂದಳು. ಅಕ್ರೋಟು ತಿಂದ ಕಾರು ಹೇಗೆ ಓಡುತ್ತದೆ ನೋಡಬೇಕಂತೆ. ಎಪ್ಪತ್ತೆಂಟರ ಮಂಡಿ. ಸೀಟಿಗೆ ಕೂರುವುದೆಂದರೆ ಬಾವಿಗೆ ಕೊಡ ಬಿಟ್ಟ ಹಾಗೆ, ಕೊನೆಯ ಒಂದಡಿ ಧೊಪ್ಪನೆ ಬಿದ್ದಳು. ನೆಲಮಂಗಲ ದಾಟಿದ ಮೇಲೆ ಕಾಲು ಒತ್ತಿದೆ. ಅಣ್ಣತಮ್ಮಂದಿರು ಒಂದಾಗಿದ್ದರು. ಸೀಟಿಯಿಲ್ಲ, ನಡುಕವಿಲ್ಲ, ಮೀಟರಿನಲ್ಲಿ ಸ್ಪ್ಯಾನರಿಲ್ಲ. ಎಡಕ್ಕೆ ದೂರದಲ್ಲಿ ಶಿವಗಂಗೆ ಬೆಟ್ಟದ ಮೇಲೆ ಬೆಳಕು ಹರಿಯುತ್ತಿತ್ತು. ಡಾಕ್ಟರು ಇಂಥದ್ದನ್ನು 11 ವರ್ಷ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದರಲ್ಲ ಎಂದು ಅವರ ಮೇಲೆ ಮೊದಲ ಸಲ ಕನಿಕರ ಬಂತು.

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿದೆ. ಅಮ್ಮ ಇಳಿಯಲು ನೋಡಿದಳು. ಆಗಲಿಲ್ಲ. ನಾನು ಕೈ ಹಿಡಿದು ಎಳೆದೆ, ಹೋಟೆಲಿನ ಹುಡುಗ ಇನ್ನೊಂದು ಕೈ ಹಿಡಿದ. ಅಮ್ಮ ಅರ್ಧ ಎದ್ದು, ಮತ್ತೆ ಧೊಪ್ಪನೆ ಕೂತು, ನಗಲು ಶುರು ಮಾಡಿದಳು. ನಗು ಬಂದ ಮೇಲೆ ಇನ್ನು ಏಳುವ ಮಾತೇ ಇಲ್ಲ. ಹುಡುಗ ಬಾಗಿಲು ಪೂರ್ತಿ ತೆರೆದಿಟ್ಟು, ಬಿಸಿ ಇಡ್ಲಿಯ ತಟ್ಟೆಯನ್ನು ಬಗ್ಗಿ ಆಕೆಯ ಮಡಿಲಲ್ಲಿ ಇಟ್ಟ. ಅವನು ಅಷ್ಟು ಬಗ್ಗಬೇಕಾಯಿತು ಎಂದರೆ ಪಕ್ಕದಲ್ಲಿದ್ದವರಿಗೆ ಕಾಲಿಗೆ ಬೀಳುತ್ತಿದ್ದಾನೆ ಅನ್ನಿಸಿರಬೇಕು.

ಅಮ್ಮ ಚಟ್ನಿಯಲ್ಲಿ ಅದ್ದಿ ಒಂದು ತುತ್ತು ಬಾಯಿಗಿಟ್ಟು, ಬಾಗಿಲಿನಾಚೆ ಗೇಣುದೂರದಲ್ಲಿದ್ದ ನೆಲವನ್ನು ನೋಡಿದಳು.

"ಚೆನ್ನಾಗಿದೆ ಕಣೋ ನಿನ್ನ ಕಾರು. ಮಣೆ ಹಾಕ್ಕೊಂಡು ಕೂತು ಊಟ ಮಾಡಿದ ಹಾಗೇ ಇದೆ."